ಬೀದರ ನಗರವಿನ್ಯಾಸ: ಗ್ರಂಥಸಾಕ್ಷ್ಯ ಮತ್ತು ಭೂಸಾಕ್ಷ್ಯ

ಪುರವೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆ, ಅರಮನೆ, ಗೋರಿ, ಗೋಪುರಗಳನ್ನು ವರ್ಣಿಸಿ ವಿರಮಿಸುವರು. ಆದರೆ ಜನರು ಕೇರಿಕೇರಿಯಾಗಿ ನೆಲೆಸಿ, ಒಂದೇ ನೀರನ್ನು ಹಂಚಿಕೊಂಡು ಬಾಳಿದ ಬಗೆಯನ್ನು ತಿಳಿಯದೆ ಪುರದ ಚರಿತ್ರೆಯು ಪೂರ್ಣವಾಗಲಾರದು. ಅದನ್ನು ತಿಳಿಯಲು ಯಾವ ಗ್ರಂಥಗಳನ್ನು ಓದಬೇಕು, ಯಾವುದನ್ನು ಗ್ರಂಥಗಳ ಹೊರಗೆ ಅರಸಬೇಕು ಎಂಬುದಕ್ಕೆ ಬೀದರವು ಉತ್ತಮ ನಿದರ್ಶನ. ಭಾಲ್ಕಿ ತಾಲೂಕಿನ ಮೆಹಕರಕ್ಕೂ ಔರಾದಕ್ಕೂ ಇಂದು ಜಿಲ್ಲಾಸ್ಥಾನವಾಗಿರುವ ಈ ನಗರವು, ಬಹಮನಿ ಸುಲ್ತಾನನಾದ ಅಹಮದ್ ಶಾಹನ (೧೪೨೨–೧೪೩೬) ಕಾಲದಲ್ಲಿ ಗುಲಬರ್ಗೆಯಿಂದ ರಾಜಧಾನಿಯು ಇಲ್ಲಿಗೆ ಬಂದ ಮೇಲೆ ವಿಸ್ತಾರಗೊಂಡಿತು.

ಮೊದಲು ಓದತಕ್ಕದ್ದು ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅದನ್ನು ಮುದ್ರಿಸಿದರು. ಪೂರ್ವಪಶ್ಚಿಮವಾಗಿ ಮೂರು, ದಕ್ಷಿಣೋತ್ತರವಾಗಿ ಮೂರು ರಾಜಮಾರ್ಗಗಳು, ಹನ್ನೆರಡು ದ್ವಾರಗಳು, ಹತ್ತು ಕುಟುಂಬಗಳಿಗೊಂದು ಬಾವಿ ಎಂದು ಅಲ್ಲಿ ವಿಧಿಸಿದೆ. ನಗರದ ನಾಲ್ಕು ಭಾಗಗಳ ಆಡಳಿತ ಸ್ಥಾನಿಕರದು. ಅವರ ಕೆಳಗೆ ಹತ್ತು, ಇಪ್ಪತ್ತು, ನಲವತ್ತು ಕುಲಗಳ ಲೆಕ್ಕವನ್ನಿಡುವವರು ಗೋಪರು. ಬೀದಿಗೆ ಕಸ ಚೆಲ್ಲಿದವನಿಗೂ ದಂಡವುಂಟು. ಇದು ಇರಬೇಕಾದ ನಗರ. ಕನ್ನಡ ಚಂಪೂಕಾವ್ಯಗಳ ಅಷ್ಟಾದಶವರ್ಣನೆಗಳಲ್ಲಿ ಸೇರಿದ ಪುರವರ್ಣನೆಯಾದರೋ ಹೊಗಳತಕ್ಕ ನಗರ. ಇವೆರಡರಲ್ಲಿಯೂ ಇದ್ದ ನಗರವು ನೇರವಾಗಿ ಕಾಣಸಿಗದು.

ಇದ್ದ ನಗರವನ್ನು ಕಂಡು ಬರೆದವನು ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್. ೧೫ನೆಯ ಶತಮಾನದ ಏಳೆಂಟನೆಯ ದಶಕಗಳಲ್ಲಿ ಬೀದರದಲ್ಲಿದ್ದ ಈತನು, ಸುಲ್ತಾನನ ಅರಮನೆಯ ಏಳು ಬಾಗಿಲುಗಳನ್ನೂ ಬಂದುಹೋಗುವವರನ್ನು ಬರೆದುಕೊಳ್ಳುವ ಲೇಖಕರನ್ನೂ ಹೇಳಿ, ಹಳ್ಳಿಗರ ಬಡತನಕ್ಕೂ ಪ್ರಭುಗಳ ವೈಭವಕ್ಕೂ ಇದ್ದ ಅಂತರವನ್ನು ಮರೆಮಾಡದೆ ತಿಳಿಸಿರುವನು. ಪುರವರ್ಣನೆಯನ್ನು ಪಾಠ ಹೇಳುವ ಉಪಾಧ್ಯಾಯರು ಈ ಪ್ರವಾಸಕಥನವನ್ನು ಅದರ ಜೊತೆಯಲ್ಲಿಡುವುದು ಯುಕ್ತ. ಹೈದರಾಬಾದು ಸಂಸ್ಥಾನದ ಪುರಾತತ್ತ್ವಾಧಿಕಾರಿಯಾಗಿದ್ದ ಗುಲಾಮ್ ಯಜ್ದಾನಿಯವರ ಬೀದರ ಕುರಿತ ಆಂಗ್ಲ ಗ್ರಂಥವು (೧೯೪೭) ಕಟ್ಟಡಗಳ ವಿಷಯದಲ್ಲಿ ಇಂದಿಗೂ ಆಧಾರಭೂತವಾದುದು.

ಈ ಗ್ರಂಥಗಳನ್ನು ಓದಿ ನೆಲವನ್ನು ನೋಡಿದರೆ ಎರಡು ಸಂಗತಿಗಳು ವಿಶದವಾಗುವುವು. ಮೊದಲನೆಯದು ಕೇರಿಗಳ ವಿಭಾಗ. ಎರಡು ಮುಖ್ಯ ಬೀದಿಗಳು ಸಂಧಿಸುವಲ್ಲಿ ೭೧ ಅಡಿ ಎತ್ತರದ ಚೌಬಾರಾ ಎಂಬ ದುಂಡುಗೋಪುರ ನಿಂತಿದೆ. ೧೪೭೨ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸವೂ ಇಲ್ಲಿಂದ ಕೋಟೆಯ ಕಡೆಗೆ ಹೋಗುವ ಬೀದಿಯಲ್ಲಿಯೇ ಇದೆ. ನಗರದ ನಾಲ್ಕು ಭಾಗಗಳಿಗೆ ನೂರ್ ಖಾನ್, ಸಿದ್ದೀಕ್ ಶಾಹ್, ಮನಿಯಾರ್, ಪನ್ಸಾಲ್ ಎಂಬ ನಾಲ್ಕು ತಾಲೀಮುಗಳು, ಎಂದರೆ ತರುಣರ ಗರಡಿಮನೆಗಳು, ಇದ್ದುವು. ಅರ್ಥಶಾಸ್ತ್ರದ ಚತುರ್ಭಾಗವನ್ನು ಇದು ನೆನಪಿಗೆ ತರುವುದು ಸಹಜ. ಆದರೆ ಬಹಮನಿಗಳ ಶಿಲ್ಪಿಗಳು ಆ ಶಾಸ್ತ್ರವನ್ನು ಅನುಸರಿಸಿದರೆಂದು ಊಹಿಸಲು ಆಧಾರವಿಲ್ಲ. ಅಲ್ಲಿ ಭಾಗಕ್ಕೊಬ್ಬ ಅಧಿಕಾರಿ, ಇಲ್ಲಿ ಭಾಗಕ್ಕೊಂದು ಗರಡಿ: ಒಂದು ರಾಜನ ಲೆಕ್ಕಕ್ಕಾಗಿ, ಇನ್ನೊಂದು ಕೇರಿಯವರ ಕೂಟಕ್ಕಾಗಿ. ಈ ಭೇದವನ್ನು ಗಮನಿಸದೆ ಕೇವಲ ಸಾದೃಶ್ಯವನ್ನು ಹಿಡಿದು ಸಿದ್ಧಾಂತ ಕಟ್ಟುವುದು ಅಸಾಧು.

ಎರಡನೆಯದು ನೀರು. ಬೀದರದ ಪ್ರಸ್ಥಭೂಮಿಯ ಮೇಲ್ಪದರ ಕೆಂಪು ಮುರಕಲ್ಲು, ಅದರ ಕೆಳಗೆ ಗಟ್ಟಿಯಾದ ಕಪ್ಪುಶಿಲೆ. ಮಳೆಯ ನೀರು ಮುರಕಲ್ಲಿನಲ್ಲಿ ಇಳಿದು ಕಪ್ಪುಶಿಲೆಯ ಮೇಲೆ ತಡೆದು, ಪ್ರಸ್ಥದ ಅಂಚಿನಲ್ಲಿ ಝರಿಯಾಗಿ ಹೊರಡುತ್ತದೆ. ನೆಲದ ಈ ಗುಣವನ್ನರಿತವರು ಪಾರಸಿಕ ದೇಶದ ಪದ್ಧತಿಯಂತೆ ಕರೇಜ್ ಎಂಬ ಸುರಂಗಗಳನ್ನು ಕೊರೆದರು. ನೌಬಾದಿನ ಸುರಂಗವು ಸುಮಾರು ಮೂರು ಕಿಲೋಮೀಟರು ಉದ್ದವಾಗಿದ್ದು, ಗಾಳಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ಬಾವಿಯಂತಹ ರಂಧ್ರಗಳನ್ನು ಹೊಂದಿದೆ. ಶುಕ್ಲತೀರ್ಥದ ಸುರಂಗ ಬೇರೆ. ಹಳೆಯ ನಗರದೊಳಗೆ ನೀರನ್ನು ಹಂಚುತ್ತಿದ್ದ ಜಮ್ನಾ ಮೋರಿ ಬೇರೆ. ಅರ್ಥಶಾಸ್ತ್ರವು ಬಾವಿಯನ್ನು ಕುಟುಂಬಗಳ ಗಣನೆಯಿಂದ ವಿಧಿಸಿತು; ಬೀದರದಲ್ಲಿ ನೀರಿನ ದಾರಿಯನ್ನು ಶಿಲೆಯೇ ನಿರ್ಣಯಿಸಿತು. ಇಂತಹ ಸುರಂಗದ ಒಂದು ಭಾಗ ಕುಸಿದರೆ ಕೆಳಗಿನವರೆಲ್ಲರ ನೀರು ನಿಲ್ಲುವುದಾದುದರಿಂದ, ಇದರ ರಕ್ಷಣೆ ಒಬ್ಬ ಮನೆಯವನ ಕೈಯಲ್ಲಿಲ್ಲ, ಸಮುದಾಯದ್ದೇ ಆಗಬೇಕು.

೨೦೧೪ರಲ್ಲಿ ದಖನಿನ ಸುಲ್ತಾನರ ಸ್ಮಾರಕಗಳೊಡನೆ ಬೀದರವೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿತು. ಅನಂತರ ನೌಬಾದಿನ ಸುರಂಗದ ಹೂಳನ್ನು ಕೆಲಮಟ್ಟಿಗೆ ತೆಗೆಸಲಾಯಿತು. ಗೋಪುರಕ್ಕೆ ಕಾವಲಿಡಬಹುದು, ಆದರೆ ಸುರಂಗವು ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆ ಅಡಿಪಾಯ ತೋಡುವವನಿಗೆ, ರಂಧ್ರದಲ್ಲಿ ಕಸ ತುಂಬುವವನಿಗೆ ತಾನು ಏನನ್ನು ಮುಚ್ಚುತ್ತಿರುವನೆಂದು ತಿಳಿಯದು. ಗ್ರಂಥ ನಷ್ಟವಾದರೆ ಬೇರೊಂದು ಪ್ರತಿ ದೊರೆಯಬಹುದು; ಈ ನೀರುದಾರಿಗೆ ಪ್ರತಿಯಿಲ್ಲ. ಆದುದರಿಂದ ಬೀದರವನ್ನು ಅಭ್ಯಸಿಸುವವರು ಮೇಲಿನ ಗ್ರಂಥಗಳನ್ನು ಓದಿದ ಬಳಿಕ ಚೌಬಾರಾದಿಂದ ತಾಲೀಮುಗಳಿಗೆ, ತಾಲೀಮುಗಳಿಂದ ನೌಬಾದಿಗೆ ನಡೆದುಹೋಗಿ, ಕಂಡುದನ್ನು ನಕ್ಷೆಯಲ್ಲಿ ಗುರುತಿಸುವುದು ಅವಶ್ಯಕ.