ಪರೇಲಿನಿಂದ ಹೊರಟ ಪಾಠ

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರಗಳ ಹುಡುಗನಿಗೆ ವೈದ್ಯವಿದ್ಯೆ ಬೇಕೆನಿಸಿದರೆ ಬಹುಮಟ್ಟಿಗೆ ಊರು ಬಿಡಬೇಕಾಗುತ್ತಿತ್ತು. 1845ರಲ್ಲಿ ಬೈಕುಲಾದಲ್ಲಿ ಆರಂಭವಾದ ಗ್ರಾಂಟ್ ವೈದ್ಯಕೀಯ ಕಾಲೇಜು, 1926ರಲ್ಲಿ ಪರೇಲಿನಲ್ಲಿ ಬಾಗಿಲು ತೆರೆದ ಸೇಠ್ ಜಿ.ಎಸ್. ಕಾಲೇಜು ಮತ್ತು ಅದರ ಕೆ.ಇ.ಎಂ. ಆಸ್ಪತ್ರೆ ಅವನನ್ನು ಕರೆಯುತ್ತಿದ್ದವು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿದ್ದು 1957ರಲ್ಲಿ, ಏಕೀಕರಣದ ಮರುವರ್ಷ. ಅಲ್ಲಿಯತನಕ ವಿದ್ಯೆ ಕೂತಲ್ಲೇ ಕೂತಿತ್ತು. ವಿದ್ಯಾರ್ಥಿಯೇ ಟ್ರಂಕು ಹೊತ್ತು ಅದರ ಬಳಿಗೆ ಹೋಗುತ್ತಿದ್ದ.

ಪದವಿ ಪಡೆದು ತಾಲ್ಲೂಕಿಗೆ ಮರಳಿದವನ ಪಾಡು ಇನ್ನೂ ಕಠಿಣವಾಗಿತ್ತು. ಗುರುವಿನ ದನಿ ಅಲ್ಲಿಗೇ ಮುಗಿಯುತ್ತಿತ್ತು. ಹಳೆಯ ಟಿಪ್ಪಣಿಗಳು, ಅಂಚೆಯಲ್ಲಿ ಬರುವ ಒಂದು ಪತ್ರಿಕೆ, ಔಷಧ ಕಂಪನಿಯ ಪ್ರತಿನಿಧಿಯ ಮಾತು – ಹೊಸ ತಿಳಿವಳಿಕೆಗೆ ಇಷ್ಟೇ ದಾರಿ. ಕೊನೆಯದನ್ನು ಶಿಕ್ಷಣವೆಂದು ಕರೆಯಲು ನನಗೆ ಮನಸ್ಸೊಪ್ಪದು.

ಈ ಮೌನವನ್ನು ಮೊದಲು ಮುರಿದದ್ದು ಉಪಗ್ರಹ. 2002ರಲ್ಲಿ ಇಸ್ರೋ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಬೆಂಗಳೂರಿನ ಹೃದಯತಜ್ಞರೊಡನೆ ಮಾತಾಡಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಶ್ರೀಹರಿಕೋಟಾದಿಂದ ಮೇಲೇರಿತು. ಆದರೆ ಮುಖ್ಯ ತಿರುವು ಯಂತ್ರದ್ದಲ್ಲ, ಕಲಿಸುವ ಬಗೆಯದು. ಅಮೆರಿಕದ ನ್ಯೂಮೆಕ್ಸಿಕೋದಲ್ಲಿ ಯಕೃತ್ತಿನ ತಜ್ಞ ಸಂಜೀವ್ ಅರೋರಾ ಅವರನ್ನು ಕಾಣಲು ಹೆಪಟೈಟಿಸ್-ಸಿ ರೋಗಿಗಳು ಎಂಟು ತಿಂಗಳು ಕಾಯುತ್ತಿದ್ದರು. 2003ರಲ್ಲಿ ಅವರು 'ಎಕೋ' ಆರಂಭಿಸಿದರು: ರೋಗಿಯನ್ನು ಕರೆಸುವ ಬದಲು ಊರಿನ ವೈದ್ಯರನ್ನೇ ವಾರಕ್ಕೊಮ್ಮೆ ಪರದೆಯ ಮುಂದೆ ಕೂರಿಸಿ, ಅವರದೇ ರೋಗಿಯ ಮೂಲಕ ಕಲಿಸುವುದು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಗುಣವಾದವರು ಶೇ. 57.5, ಹಳ್ಳಿ ಹಾಗೂ ಸೆರೆಮನೆಗಳ ಎಕೋ ಕೇಂದ್ರಗಳಲ್ಲಿ ಶೇ. 58.2. ಈ ಅಂಕಿ ಓದಿದಾಗ ನಮ್ಮ ತಾಲ್ಲೂಕು ವೈದ್ಯರ ಮೇಲೆ ನಾವು ಹೊರಿಸಿದ್ದ ಅಪನಂಬಿಕೆ ನೆನಪಾಗದಿರದು.

1941ರಿಂದ ಪರೇಲಿನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಯ ಮುಂದೆ ಕಾಲುದಾರಿಯಲ್ಲೇ ದಿನ ಕಳೆಯುವ ಪರವೂರಿನ ರೋಗಿಗಳನ್ನು ಕಾಣದ ಮುಂಬಯಿ ಕನ್ನಡಿಗರಿಲ್ಲ. ಟಾಟಾ ಸ್ಮಾರಕ ಕೇಂದ್ರದ ಹೊಣೆಯಲ್ಲಿ 2012ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಯಾನ್ಸರ್ ಜಾಲದಲ್ಲಿ ಈಗ 300ಕ್ಕೂ ಹೆಚ್ಚು ಸಂಸ್ಥೆಗಳಿವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಅದರಲ್ಲೊಂದು. ಜಾಲದ ವಿಡಿಯೊ ಸಭೆಗಳಲ್ಲಿ ದೂರದ ವೈದ್ಯರು ಸ್ಕ್ಯಾನು, ಅಂಗಾಂಶದ ಚಿತ್ರಗಳನ್ನು ತೆರೆದಿಡುತ್ತಾರೆ. ಶಸ್ತ್ರಚಿಕಿತ್ಸಕ, ವಿಕಿರಣತಜ್ಞ, ರೋಗಶಾಸ್ತ್ರಜ್ಞರು ಚರ್ಚಿಸುತ್ತಾರೆ. ಹಿರಿಯರಲ್ಲೇ ಭಿನ್ನಾಭಿಪ್ರಾಯ ಮೂಡಿದ ಗಳಿಗೆಯೇ ಕೇಳುಗರಿಗೆ ನಿಜವಾದ ಪಾಠ; ಪಠ್ಯಪುಸ್ತಕದಲ್ಲಿ ಅದಕ್ಕೆ ಎಡೆಯಿಲ್ಲ. 2020ರ ಲಾಕ್‌ಡೌನ್ ಈ ಅಭ್ಯಾಸವನ್ನು ಎಲ್ಲರಿಗೂ ಅನಿವಾರ್ಯಗೊಳಿಸಿತು.

ಕೊರತೆಗಳೂ ಉಂಟು. ಗಂಟಿನ ಗಡಸುತನ ಬೆರಳಿಗೆ ತಿಳಿಯಬೇಕು, ಪರದೆಗೆ ಅದು ತಿಳಿಯದು. ಕ್ಯಾಮೆರಾ ಆರಿಸಿ ಹೆಸರಿಗಷ್ಟೇ ಹಾಜರಾಗುವುದೂ ಸುಲಭ. ಇನ್ನೊಂದು ಸಂಗತಿ ಭಾಷೆಯದು. ಚರ್ಚೆ ನಡೆಯುವುದು ಇಂಗ್ಲಿಷಿನಲ್ಲಿ. ಹೊಟ್ಟೆಯಲ್ಲಿ ಉರಿ, ಸಂಕಟ, ಸೆಳೆತ, ಚುಚ್ಚು ಎಂದು ಬೇರೆಬೇರೆಯಾಗಿ ಹೇಳಿಕೊಂಡ ಹೆಂಗಸಿನ ನಾಲ್ಕು ಮಾತುಗಳು ಪರೇಲನ್ನು ಮುಟ್ಟುವ ಹೊತ್ತಿಗೆ 'ಪೇನ್' ಎಂಬ ಒಂದೇ ಪದವಾಗಿರುತ್ತವೆ. ಆ ನಾಲ್ಕನ್ನೂ ಕಿವಿಯಾರೆ ಕೇಳಿಸಿಕೊಂಡವರು, ಆ ಸಭೆಯಲ್ಲಿ, ತಾಲ್ಲೂಕಿನ ಆ ವೈದ್ಯರೊಬ್ಬರೇ.