ಎಂಜಿನ್‌ಗೆ ಕಪ್ಪು ಯಾಕೆ ಬಳಿದರು?

ಹಳೆಯ ಬುಲೆಟ್ ಬೈಕನ್ನು ಹತ್ತಿರದಿಂದ ನೋಡಿ. ಎಂಜಿನ್‌ನ ಹೆಡ್ ಅಲ್ಯುಮಿನಿಯಂ, ಬೆಳ್ಳಗಿರುತ್ತದೆ. ಅದರ ಕೆಳಗಿನ ಸಿಲಿಂಡರ್ ಬೀಡುಕಬ್ಬಿಣದ್ದು, ಸುತ್ತಲೂ ರೆಕ್ಕೆ, ಮೇಲೆ ಕಪ್ಪು ಬಣ್ಣ. 1955ರಿಂದ ಮದ್ರಾಸಿನಲ್ಲಿ ತಯಾರಾದ ಈ ಗಾಡಿಗೆ ಆ ಕಪ್ಪು ತುಕ್ಕು ತಡೆಯುವುದರ ಜೊತೆಗೆ ಕಾವು ಬಿಡಿಸಲೂ ನೆರವಾಗುತ್ತಿತ್ತು.

ಇದನ್ನು ಮೊದಲು ಅಳೆದು ತೋರಿಸಿದವರಲ್ಲಿ ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಒಬ್ಬ. ಚೌಕಾಕಾರದ ಲೋಹದ ಡಬ್ಬಕ್ಕೆ ಬಿಸಿನೀರು ತುಂಬಿ, ಒಂದು ಮೈ ಹೊಳೆಯುವಂತೆ ಬಿಟ್ಟು, ಇನ್ನೊಂದಕ್ಕೆ ಮಸಿ ಬಳಿದ. ನೀರು ಒಂದೇ, ಆದರೆ ಮಸಿ ಮೈಯಿಂದ ಹೊರಬಿದ್ದ ಶಾಖ ಹಲವು ಪಟ್ಟು ಹೆಚ್ಚು. 1804ರಲ್ಲಿ ಅವನು ಇದನ್ನು ಪ್ರಕಟಿಸಿದ. ಬೆಳಗಿದ ಹಿತ್ತಾಳೆ ಚೊಂಬಿನಲ್ಲಿ ಕಾಫಿ ಬೇಗ ಆರದಿರಲು ಅದರ ಹೊಳಪೂ ಒಂದು ಕಾರಣ.

ನಮ್ಮ ಕಡೆ ಎಂಜಿನ್ ಮಾರ್ಪಾಡು ಹೊಸ ಹುಡುಗರ ಶೋಕಿಯೇನೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಮೈಸೂರು ಸಂಸ್ಥಾನದ ಅನೇಕ ಬಸ್ಸುಗಳು ಇದ್ದಿಲಿನ ಗ್ಯಾಸಿಗೆ ಬದಲಾದವು. ಬಿಸಿ ಗ್ಯಾಸ್ ಹಿಗ್ಗಿರುತ್ತದೆ, ಎಂಜಿನ್ ಒಳಗೆ ಕಡಿಮೆ ಹೋಗುತ್ತದೆ, ಶಕ್ತಿ ಇಳಿಯುತ್ತದೆ. ಹಾಗಾಗಿ ಉದ್ದದ ಕೊಳವೆಗಳಲ್ಲಿ ಅದನ್ನು ಆರಿಸಿ ಬಿಡಬೇಕಿತ್ತು.

ಆಮೇಲೆ ಬಂದದ್ದು ಪೆಟ್ರೋಲ್ ಅಂಬಾಸಿಡರ್, ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಕಾಲ. ಎಂಜಿನ್ ಬದಲಾಯಿತು, ರೇಡಿಯೇಟರ್ ಹಲವು ಕಡೆ ಹಳೆಯದೇ ಉಳಿಯಿತು. ಫ್ಯಾನ್ ದೂರವಾದರೆ ಗಾಳಿ ಎಳೆಯದು. ಚಿತ್ತೂರು ಕಡೆಯಿಂದ ಮುಳಬಾಗಿಲಿಗೆ ಬರುವವರಿಗೆ ಮೊಗಿಲಿ ಘಾಟಿಯೇ ಪರೀಕ್ಷೆ: ಲೋಡು ಹೆಚ್ಚು, ವೇಗ ಕಡಿಮೆ, ಎದುರುಗಾಳಿ ಇಲ್ಲ. ಮೇಲಾಗಿ ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದರೆ ಕುದಿಯುವುದು ತಡ. ಸಡಿಲವಾದ ಮುಚ್ಚಳವೊಂದೇ ಸಾಕು ಗಾಡಿ ನಿಲ್ಲಿಸಲು.

ಈಗ ಶಾಖ ಬಿಡಿಸುವ ಲೇಪನ ಎಂದು ಡಬ್ಬಗಳು ಮಾರಾಟಕ್ಕಿವೆ. ಪೂರ್ತಿ ಸುಳ್ಳಲ್ಲ. ಬರಿ ಅಲ್ಯುಮಿನಿಯಂ ಮೈಗಿಂತ ತೆಳುವಾದ ಕಪ್ಪು ಲೇಪನ ಶಾಖವನ್ನು ಚೆನ್ನಾಗಿ ಸೂಸುತ್ತದೆ. ಆದರೆ ರೇಡಿಯೇಟರಿನ ಕಾವನ್ನು ಬಹುಪಾಲು ಒಯ್ಯುವುದು ಗಾಳಿ. ದಪ್ಪಗೆ ಬಳಿದು ರೆಕ್ಕೆಗಳ ಸಂದು ಮುಚ್ಚಿದರೆ ಇದ್ದದ್ದೂ ಹೋಯಿತು. ಸೈಲೆನ್ಸರ್ ಪೈಪಿಗೆ ಬಳಿಯುವ ಸೆರಾಮಿಕ್ ಲೇಪನದ ಕೆಲಸವೇ ಬೇರೆ, ಅದು ಕಾವನ್ನು ಒಳಗೇ ತಡೆಯುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ಎಂಜಿನ್ ಸೀಜ್ ಆಗುವ ಅಪಾಯವಿದೆ.

ನಮ್ಮ ಆರೂ ತಾಲ್ಲೂಕುಗಳಲ್ಲಿ ಇದಕ್ಕಿಂತ ಕೆಟ್ಟ ಲೇಪನ ಬೇರೆ ಇದೆ. ಕೆರೆ ಬತ್ತಿ, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಗಡಸು ನೀರನ್ನೇ ರೇಡಿಯೇಟರಿಗೂ ಸುರಿಯುತ್ತೇವೆ. ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣ ಅಲ್ಲೂ ಕೊಳವೆಯೊಳಗೆ ಕಟ್ಟುತ್ತದೆ. ತಾಮ್ರಕ್ಕೆ ಹೋಲಿಸಿದರೆ ಆ ಪದರ ಶಾಖ ದಾಟಿಸುವುದು ನೂರಾರು ಪಟ್ಟು ಕಡಿಮೆ. ಹೊರಗೆ ಎಂಥ ಕಪ್ಪು ಬಳಿದರೂ ಈ ಬಿಳಿಯನ್ನು ಅದು ಗೆಲ್ಲಲಾರದು. ಕೂಲೆಂಟ್‌ಗೆ ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ಮಾಲೂರಿನ ಇಟ್ಟಿಗೆ ಹೊರುವ ಗಾಡಿಗಳಿಗೆ ಲೇಪನದ ಡಬ್ಬಕ್ಕಿಂತ ಮೊದಲು ಬೇಕಿರುವುದು ಅದು.