ಕಚೇರಿಯ ಕುರ್ಚಿ ಮತ್ತು ಉದ್ಯೋಗ ಮಾರುಕಟ್ಟೆ: ಶಂಕರಪುರಂ ನೆಲೆಯಿಂದ ಒಂದು ವಿವೇಚನೆ

ಕಚೇರಿ ಕೆಲಸದ ನಾಳೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಯಂತ್ರದ ಸುತ್ತಲೇ ನಡೆಯುತ್ತದೆ. ಕುರ್ಚಿಯಲ್ಲಿ ಯಾರು ಕೂರಬೇಕು, ಆ ಕುರ್ಚಿ ಎಲ್ಲಿರಬೇಕು ಎಂಬುದನ್ನು ಗೊತ್ತುಮಾಡುವುದು ಯಂತ್ರಕ್ಕಿಂತ ಹೆಚ್ಚಾಗಿ ಉದ್ಯೋಗ ಮಾರುಕಟ್ಟೆ ಎಂಬುದು ಈ ಲೇಖನದ ವಾದ. ತಲೆಮಾರುಗಳಿಂದ ತಿಂಗಳ ಸಂಬಳವನ್ನು ನೆಚ್ಚಿ ಬಾಳಿದ, ಬೆಂಗಳೂರಿನ ಬಸವನಗುಡಿ ಭಾಗದ ಶಂಕರಪುರಂ ಬಡಾವಣೆ ಇದಕ್ಕೆ ತಕ್ಕ ನಿದರ್ಶನ.

1898ರ ಪ್ಲೇಗಿನ ಬಳಿಕ ರೂಪುಗೊಂಡ ಬಸವನಗುಡಿ ಭಾಗದ ಅನೇಕ ಮನೆಗಳಿಗೆ ಸರ್ಕಾರಿ ನೌಕರಿಯೇ ಆಸರೆಯಾಗಿತ್ತು. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯ ಶಿಫಾರಸುಗಳನ್ನು ಆಧರಿಸಿ ಮೈಸೂರು ಸರ್ಕಾರ 1921ರಲ್ಲಿ ಹಿಂದುಳಿದ ವರ್ಗಗಳಿಗೆ ನೌಕರಿಯ ಬಾಗಿಲು ತೆರೆಯಿತು. ಇದರಿಂದ ಸರ್ಕಾರಿ ನೌಕರಿಯ ದಾರಿ ಕಿರಿದಾದ ಬ್ರಾಹ್ಮಣ ಮನೆಗಳ ಮಕ್ಕಳು ಬ್ಯಾಂಕು, ಕಂಪನಿಗಳತ್ತ, ಬೊಂಬಾಯಿ, ಮದ್ರಾಸುಗಳತ್ತ ಮುಖ ಮಾಡಿದರು. ಕಚೇರಿಯ ಯಂತ್ರ ಬದಲಾಗಲಿಲ್ಲ. ಪ್ರವೇಶದ ನಿಯಮ ಬದಲಾಯಿತು.

ಮುಂದೆ ಬಡಾವಣೆಯ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಗುಮಾಸ್ತರನ್ನು ಅಣಿಗೊಳಿಸಿದವು. ಬೆಳಗ್ಗೆ ಕಾಲೇಜಿಗೆ ಮುನ್ನ ‘ಎಎಸ್‌ಡಿಎಫ್’ ಬಡಿದು ಬೆರಳು ಪಳಗಿಸಿಕೊಂಡು ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದವರು ಬಹಳ. ಶುಲ್ಕ ತೆತ್ತದ್ದು ಮನೆ. ಪಳಗಿದ ಕೈ ಸಿಕ್ಕಿದ್ದು ಕಚೇರಿಗೆ.

2020ರಲ್ಲಿ ಕೋವಿಡ್‌ನಿಂದಾಗಿ ಕಚೇರಿಯೇ ಮನೆಗೆ ಬಂದಾಗ ಈ ಲೆಕ್ಕ ಮರುಕಳಿಸಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಂತು. ಕುಕ್ಕರ್ ಕೂಗುವಾಗ ಮೈಕ್ ಮುಚ್ಚುವುದು ರೂಢಿಯಾಯಿತು. ಜಾಗ, ಕರೆಂಟು ಎರಡೂ ಮನೆಯ ಖರ್ಚೇ. 2025ರ ಹೊತ್ತಿಗೆ ಶೇ. 25ರಷ್ಟು ನೌಕರರು ಮಾತ್ರ ಕಚೇರಿಯಲ್ಲಿದ್ದರೆ ಸಾಕೆಂದು 2020ರಲ್ಲೇ ಐಟಿ ಸಂಸ್ಥೆ ಟಿಸಿಎಸ್ ಘೋಷಿಸಿತು. ಅದೇ ಸಂಸ್ಥೆ 2023ರ ಅಕ್ಟೋಬರಿನಿಂದ ವಾರಕ್ಕೆ ಐದು ದಿನ ಕಚೇರಿಗೆ ಬರಹೇಳಿತು. ನಡುವೆ ತಂತ್ರಜ್ಞಾನವೇನೂ ಹಿಂದೆ ಸರಿದಿರಲಿಲ್ಲ. ಆದರೆ ಟಿಸಿಎಸ್‌ನಲ್ಲಿ ಕೆಲಸ ಬಿಟ್ಟುಹೋಗುವವರ ವಾರ್ಷಿಕ ಪ್ರಮಾಣ 2022ರ ಸೆಪ್ಟೆಂಬರಿನಲ್ಲಿದ್ದ ಶೇ. 21.5ರಿಂದ ಒಂದೇ ವರ್ಷದಲ್ಲಿ ಶೇ. 14.9ಕ್ಕೆ ಇಳಿದಿತ್ತು. ಇದೊಂದೇ ಕಾರಣವೆನ್ನಲಾಗದು, ಆದರೂ ಬೇರೆಡೆ ಕೆಲಸ ಸಿಗುವ ಭರವಸೆ ಕುಗ್ಗಿದಾಗ ನೌಕರರ ಮಾತಿನ ತೂಕವೂ ಕುಗ್ಗುತ್ತದೆ.

2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದ ಮೇಲೆ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಎಲೆಕ್ಟ್ರಾನಿಕ್ಸ್ ಸಿಟಿ ತಲುಪಬಹುದು. ದಾರಿ ಸುಗಮವಾಯಿತು, ಹೋಗಬೇಕೇ ಬೇಡವೇ ಎಂಬ ತೀರ್ಮಾನ ಮಾತ್ರ ಇನ್ನೂ ನೌಕರರ ಕೈಯಲ್ಲಿಲ್ಲ. ಮಾರುಕಟ್ಟೆಯ ನಿಯಮವನ್ನು ಸಾರ್ವಜನಿಕ ನೀತಿ ತಿದ್ದಬಲ್ಲದೆಂದು 1921 ತೋರಿಸಿಕೊಟ್ಟಿದೆ. ಮನೆ ಹೊರುತ್ತಿರುವ ಕಚೇರಿಯ ಖರ್ಚನ್ನೂ ಅಂಥದೇ ನೀತಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.